ಗಾಡಿಗೆ ಒಂದು ಅಗ್ಗದ, ಗಟ್ಟಿ ಬಂದೂಕು: ನನ್ನ ಓಟು ಒಂಟಿ ನಳಿಗೆಗೆ

ನಮ್ಮ ಅಕ್ಕನ ಮಗ ಈ ವರ್ಷ ಬೊಲೆರೊ ಪಿಕಪ್ ತಗೊಂಡ. ಅವನ ಹೊಲ ಗಂಗಾವತಿ ಕಡೆ ಗುಡ್ಡದ ಬುಡದಲ್ಲಿದೆ, ನಮ್ಮದು ಕುಕನೂರು ಕಡೆ ಎರೆಹೊಲ. ರಾತ್ರಿ ಕರೆಂಟ್ ಬಂದಾಗ ನೀರು ಬಿಡೋಕೆ, ಮೆಕ್ಕೆಜೋಳ ಕಾಯೋಕೆ ಅದೇ ಗಾಡಿಯಲ್ಲಿ ಹೋಗುತ್ತಾನೆ. ಫೋನಿನಲ್ಲಿ ಅಮೆರಿಕದವರ ವಿಡಿಯೊ ನೋಡಿ ಒಂದು ದಿನ ಕೇಳಿದ, "ಮಾಮಾ, ಗಾಡ್ಯಾಗ ಇಡಾಕ ಒಂದು ಸೋವಿ ರೈಫಲ್ ಬೇಕು. ಧೂಳು, ಬಿಸಲು, ಕುಲುಕಾಟ ಎಲ್ಲಾ ತಡಕೋಬೇಕು. ಯಾವುದು ಚಲೋ?" ಇದೇ ಪ್ರಶ್ನೆಯನ್ನು ಸಿಂಧನೂರು, ಕುಷ್ಟಗಿ ಕಡೆಯ ಗೆಳೆಯರೂ ಕೇಳಿದ್ದಾರೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಲೈಸೆನ್ಸ್ ಇರೋ ಬಂದೂಕು ಇದೆ, ಅದಕ್ಕೇ ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಅಮೆರಿಕದಲ್ಲಿ ಇದು ಹಳೆಯ ರೂಢಿ. ದನ ಸಾಕುವವರು ಪಿಕಪ್‌ನ ಹಿಂದಿನ ಗಾಜಿಗೆ ಒಂದು ಸ್ಟ್ಯಾಂಡ್ ಹಾಕಿ ಅದರಲ್ಲಿ ರೈಫಲ್ ಇಡುತ್ತಿದ್ದರು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1894 ಅಂಥ ಗಾಡಿಗಳಲ್ಲಿ ತಲೆಮಾರುಗಟ್ಟಲೆ ಓಡಾಡಿದೆ. 70 ಲಕ್ಷಕ್ಕೂ ಜಾಸ್ತಿ ತಯಾರಾದ ರೈಫಲ್ ಅದು. ಗಿಡ್ಡ, ಚಪ್ಪಟೆ, ಅದರ .30-30 ತೋಟಾ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತಿತ್ತು. ಆಮೇಲೆ ಮೋಸಿನ್ ನಾಗಾಂತ್, ಎಸ್‌ಕೆಎಸ್ ತರದ ಹಳೆ ಸೈನ್ಯದ ರೈಫಲ್‌ಗಳು ಅಗ್ಗಕ್ಕೆ ಬಂದವು, ಜನ ಅವನ್ನೂ ಗಾಡಿಗೆ ಹಾಕಿಕೊಂಡರು. ಅವರು ನೋಡೋದು ಇಷ್ಟೇ: ಗೀರು ಬಿದ್ದರೆ ಹೊಟ್ಟೆ ಉರಿಯದಷ್ಟು ಕಡಿಮೆ ಬೆಲೆ, ಹೊಲಸಾದರೂ ಕೆಲಸ ನಿಲ್ಲಬಾರದು, ಕ್ಯಾಬಿನ್ ಒಳಗೆ ಹಿಡಿಸಬೇಕು, ತೋಟಾ ಸುಲಭಕ್ಕೆ ಸಿಗಬೇಕು.

ಈ ಲೆಕ್ಕ ಸರಿಯಾಗೇ ಇದೆ. ನಾನೂ ಅದನ್ನೇ ಹಿಡಿದು ನೋಡುತ್ತೇನೆ. ಆದರೆ ನಮ್ಮ ಕಾನೂನು ಬೇರೆ, ನಮ್ಮ ನೆಲ ಬೇರೆ, ನಮ್ಮ ಹೊಲಕ್ಕೆ ಬರೋ ಪ್ರಾಣಿಗಳು ಬೇರೆ. ಹಾಗಾಗಿ ಉತ್ತರವೂ ಬೇರೆ ಬರುತ್ತೆ. ನಮ್ಮ ಕಡೆ ರೈತನ ಗಾಡಿಗೆ ಸರಿಹೋಗೋದು ರೈಫಲ್ ಅಲ್ಲ, 12 ಬೋರಿನ ಒಂಟಿ ನಳಿಗೆ ಬಂದೂಕು, ಅಂದರೆ ಒಂದೇ ಗುಂಡಿನ ಬದಲು ಸಣ್ಣ ಸಣ್ಣ ಚರೆ ಹಾರಿಸೋ ಬಂದೂಕು. ಅದೂ ಗಾಡಿಯಲ್ಲಿ ಇಡೋಕಲ್ಲ, ನಾವು ಹೋದಾಗ ಜೊತೆಗೆ ಒಯ್ಯೋಕೆ, ನಾವು ಇಳಿದಾಗ ಜೊತೆಗೇ ಇಳಿಸೋಕೆ.

ಮೊದಲು ಕಾನೂನು, ಯಾಕಂದರೆ ಅಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಬೆಳೆ ರಕ್ಷಣೆ ಅಂತ ಸ್ಪಷ್ಟವಾಗಿ ಬರೆದಿದೆ. ಬೆಳೆ ಕಾಯೋಕೆ ಅಂತ ಕೇಳಿದರೆ ಕೊಡೋದು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್. ಅದು ಸಾಕಾಗಲ್ಲ ಅಂತ ಅಧಿಕಾರಿಗೆ ಮನವರಿಕೆಯಾದರೆ ಒಳಗೆ ನುಣುಪು ನಳಿಗೆ ಇರೋ ಬೇರೆ ಬಂದೂಕಿಗೂ ಕೊಡಬಹುದು, ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ನಳಿಗೆಯೊಳಗೆ ಸುರುಳಿ ಗೀರು ಇರೋ ರೈಫಲ್ ಬೆಳೆ ರಕ್ಷಣೆಯ ಈ ಸಾಲಿನಲ್ಲಿ ಇಲ್ಲವೇ ಇಲ್ಲ. ರೈಫಲ್ ಬೇಕಂದರೆ ಬೇರೆ ತಕ್ಕ ಕಾರಣ ತೋರಿಸಬೇಕು, ಅದು ಒಪ್ಪಿಗೆಯಾಗಬೇಕು. ಲೈಸೆನ್ಸ್ ವಿಷಯದಲ್ಲಿ ಕೊಡಗಿನವರಿಗೆ ಇರೋ ವಿನಾಯಿತಿ ನಮಗಿಲ್ಲ. ಅಂದಮೇಲೆ ಹಂದಿ ಕಾಟ ಅಂತ ಬರೆದು ರೈಫಲ್ ಕೇಳಿ ವರ್ಷಗಟ್ಟಲೆ ಅಲೆಯೋದಕ್ಕಿಂತ ಸಿಗೋದನ್ನೇ ಸರಿಯಾಗಿ ಆರಿಸೋದು ಒಳ್ಳೇದು.

ಒಂದು ವೇಳೆ ರೈಫಲ್‌ಗೆ ಲೈಸೆನ್ಸ್ ಸಿಕ್ಕಿತು ಅಂದುಕೊಳ್ಳಿ. ಆಗ ಎಲ್ಲರ ಬಾಯಲ್ಲಿ ಬರೋದು .315 ಬೋರಿನ ರೈಫಲ್. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯದ್ದು. ಆರ್ಡ್‌ನೆನ್ಸ್ (ಸರ್ಕಾರದ ಶಸ್ತ್ರಾಸ್ತ್ರ) ಕಾರ್ಖಾನೆಗಳನ್ನು 2021ರಲ್ಲಿ ಏಳು ಕಂಪನಿಗಳಾಗಿ ಒಡೆದರಲ್ಲ, ಅದರಲ್ಲಿ ಇದು ಕಾನ್ಪುರದಲ್ಲಿ ಮುಖ್ಯ ಕಚೇರಿ ಇರೋ ಕಂಪನಿಗೆ ಹೋಯಿತು. ರೈಫಲ್ ಮಾತ್ರ ಹಳೆಯದೇ, ಬ್ರಿಟಿಷ್ ಸಿಪಾಯಿಗಳ ಲೀ-ಎನ್‌ಫೀಲ್ಡ್‌ನ ಬೋಲ್ಟ್. ಬೋಲ್ಟ್ ಅಂದರೆ ಪ್ರತಿ ಸಲ ಕೈಯಲ್ಲಿ ಹಿಂದೆ ಮುಂದೆ ಎಳೆದು ತೋಟಾ ತುಂಬೋ ಕೀಲು. ಎರಡು ಮಹಾಯುದ್ಧಗಳ ಕೆಸರು, ಮರಳು ಕಂಡ ಬೋಲ್ಟ್ ಅದು. ಗಟ್ಟಿತನದ ಬಗ್ಗೆ ನನಗೆ ಒಂದು ಚೂರೂ ಅನುಮಾನ ಇಲ್ಲ. ಸೈನ್ಯದ .303 ತೋಟಾ ನಾಗರಿಕರಿಗೆ ಕೊಡಲ್ಲ, ಅದಕ್ಕೆ .315 ಅನ್ನೋ ಬೇರೆ ಅಳತೆ. ಗಟ್ಟಿ ರೈಫಲ್ ಅನ್ನೋದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಆದರೂ ಬೇಡ ಅನ್ನುತ್ತೇನೆ. ಬೆಲೆ ಒಂದು ಕಾರಣ, ಬಂದೂಕೂ ದುಬಾರಿ, ತೋಟಾನೂ ದುಬಾರಿ. ದೊಡ್ಡ ಕಾರಣ ನಮ್ಮ ನೆಲ. ಕುಕನೂರು, ಯಲಬುರ್ಗಾ, ಮಾನ್ವಿ ಕಡೆ ಎರೆ ನೆಲ ನೋಡಿದ್ದೀರಲ್ಲ? ಹಿಂಗಾರಿಗೆ ಕಡಲೆ ಹಾಕಿದ ಹೊಲದಲ್ಲಿ ನಿಂತರೆ ಕಣ್ಣು ಹೋದಷ್ಟು ದೂರ ಒಂದು ದಿಬ್ಬ ಇರಲ್ಲ. ರೈಫಲ್ ಗುಂಡು ಗುರಿ ತಪ್ಪಿದರೆ ಅಲ್ಲಿಗೇ ಬೀಳಲ್ಲ, ಕಿಲೋಮೀಟರುಗಟ್ಟಲೆ ಹೋಗುತ್ತೆ. ಅದನ್ನು ತಡೆಯೋಕೆ ಹಿಂದೆ ಮಣ್ಣಿನ ಗುಡ್ಡೆ ಬೇಕು, ನಮ್ಮಲ್ಲಿ ಒಡ್ಡು ಬಿಟ್ಟರೆ ಏನೂ ಇಲ್ಲ. ರಾತ್ರಿ ಟಾರ್ಚ್ ಬೆಳಕು ಎಷ್ಟು ದೂರ ಹೋದೀತು? ಅದರಾಚೆ ಕತ್ತಲಲ್ಲಿ ಯಾರಿದ್ದಾರೆ ಗೊತ್ತಾಗಲ್ಲ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಹೊಲದಲ್ಲಿ ಕುರಿ ನಿಲ್ಲಿಸಿರುತ್ತಾರೆ, ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿರುತ್ತಾರೆ, ಇವತ್ತು ಈ ಹೊಲ, ನಾಳೆ ಇನ್ನೊಂದು. ನಿಮ್ಮ ಪಕ್ಕದ ಹೊಲದವನು ನೀರು ಕಟ್ಟೋಕೆ ಬಂದಿರಬಹುದು. ಹತ್ತಿ ಕಾಲದಲ್ಲಿ ಬೇರೆ ಊರಿಂದ ಬಂದ ಕೂಲಿಯವರು ಹೊಲದಲ್ಲೇ ಟೆಂಟ್ ಹಾಕಿರುತ್ತಾರೆ.

ಗಂಗಾವತಿ, ಆನೆಗೊಂದಿ, ಕಂಪ್ಲಿ ಕಡೆ ಗುಡ್ಡ ಇದೆಯಲ್ಲ ಅಂದರೆ, ಅಲ್ಲಿ ಇನ್ನೂ ಕಷ್ಟ. ಅದು ಮಣ್ಣಿನ ಗುಡ್ಡ ಅಲ್ಲ, ಬರೀ ಕಣಶಿಲೆ ಬಂಡೆ. ಗುಂಡು ಬಂಡೆಗೆ ಬಡಿದರೆ ಯಾವ ಕಡೆ ಚಿಮ್ಮುತ್ತೆ ಅಂತ ಯಾರೂ ಹೇಳೋಕಾಗಲ್ಲ. ಬಯಲಲ್ಲಿ ಗುಂಡು ನಿಲ್ಲಲ್ಲ, ಬಂಡೆಯಲ್ಲಿ ತಿರುಗುತ್ತೆ. ಅಕ್ಕನ ಮಗನಿಗೂ ಇದನ್ನೇ ಹೇಳಿದೆ. 12 ಬೋರಿನ ಚರೆ ಮೂವತ್ತು ನಲವತ್ತು ಮೀಟರ್ ದಾಟಿದ ಮೇಲೆ ಬೇಗ ಚದುರುತ್ತೆ, ಬಲ ಕಳೆದುಕೊಳ್ಳುತ್ತೆ. ಚರೆಯೂ ಮನುಷ್ಯನಿಗೆ ಅಪಾಯವೇ, ದೊಡ್ಡ ಚರೆ ಇನ್ನೂ ದೂರ ಹೋಗುತ್ತೆ, ಬಂಡೆಗೆ ಬಡಿದರೆ ಅದೂ ಚಿಮ್ಮುತ್ತೆ, ಸುಮ್ನೆ ಕತ್ತಲಿಗೆ ಹೊಡೆಯೋ ಹಾಗಿಲ್ಲ. ಆದರೆ ರೈಫಲ್ ಗುಂಡಿಗೆ ಹೋಲಿಸಿದರೆ ಅದರ ಓಟ ತುಂಬಾ ಕಡಿಮೆ, ಮತ್ತು ನಮಗೆ ಬೇಕಾಗಿರೋದೂ ಅಷ್ಟೇ ದೂರ.

ಇನ್ನು ಬಾಯಿಂದ ತುಂಬುವ ಬಂದೂಕು, ನಮ್ಮ ಕಡೆ ಕೇಪಿನ ಬಂದೂಕು ಅಂತಾರೆ. ಎಲ್ಲಕ್ಕಿಂತ ಅಗ್ಗ. ಲೈಸೆನ್ಸೂ ಇದಕ್ಕೆ ಸಲೀಸು. ಹೊಲದ ಅಟ್ಟದ ಮೇಲೆ ಕೂತು ಕಾಯೋನಿಗೆ ಸಾಕು ಅನ್ನಬಹುದು, ಗಾಡಿಯಲ್ಲಿ ಒಯ್ಯೋನಿಗೆ ಮಾತ್ರ ಇದು ಆಗಿಬರಲ್ಲ. ಒಮ್ಮೆ ಮದ್ದು, ಚಿಂದಿ, ಚರೆ ಎಲ್ಲ ತುಂಬಿದಿರಿ ಅಂದರೆ ಅದನ್ನು ಖಾಲಿ ಮಾಡೋಕೆ ಸುಲಭದ ದಾರಿ ಇಲ್ಲ. ಒಂದೋ ಹಾರಿಸಬೇಕು, ಇಲ್ಲ ಕಷ್ಟಪಟ್ಟು ಎಳೆದು ತೆಗೀಬೇಕು. ಅದಕ್ಕೇ ಜನ ಮದ್ದಿಗೆ ಕಿಡಿ ಹೊತ್ತಿಸೋ ಕೇಪು ಒಂದನ್ನು ತೆಗೆದು ತುಂಬಿದ ಬಂದೂಕನ್ನೇ ಗಾಡಿಯಲ್ಲಿ ಹಾಕಿಕೊಂಡು ಓಡಾಡುತ್ತಾರೆ. ನಮ್ಮ ಹೊಲದ ದಾರಿಗಳ ಕುಲುಕಾಟದಲ್ಲಿ ಇದಕ್ಕಿಂತ ಭಯದ ಕೆಲಸ ಇಲ್ಲ. ಅದೂ ಅಲ್ಲದೆ ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರುತ್ತೆ. ಹಾರಿಸಿದ ದಿನವೇ ಬಿಸಿನೀರಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ತುಕ್ಕು ಶುರು. ಮಳೆಗಾಲದಲ್ಲಿ ಕಾಲುವೆ ನೀರಿನ ಊರುಗಳಲ್ಲಿ ಕೇಳಲೇಬೇಡಿ.

ಹಾಗಾಗಿ ಒಂಟಿ ನಳಿಗೆ. ಇದನ್ನು ಕೈಯಲ್ಲಿ ಹಿಡಿದು ನೋಡಿದರೆ ಯಾಕೆ ಇಷ್ಟಪಡುತ್ತೇನೆ ಅಂತ ಗೊತ್ತಾಗುತ್ತೆ. ನಳಿಗೆಯ ಕೆಳಗೆ ಒಂದು ಮರದ ತುಂಡು ಇರುತ್ತೆ. ಅದನ್ನು ಬೆರಳಲ್ಲಿ ಎಳೆದರೆ ಟಕ್ ಅಂತ ಬಿಚ್ಚಿಕೊಳ್ಳುತ್ತೆ. ಆಮೇಲೆ ಮೇಲಿನ ಸಣ್ಣ ಕೀಲಿಯನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ಸರಿಸಿ ನಳಿಗೆಯನ್ನು ಬಗ್ಗಿಸಿದರೆ, ಕೊಂಡಿಯಿಂದ ಎತ್ತಿ ತೆಗೆಯಬಹುದು. ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ಈಗ ಕೈಯಲ್ಲಿ ಮೂರು ತುಂಡು: ನಳಿಗೆ, ಮರದ ತುಂಡು, ಟ್ರಿಗರ್ ಇರೋ ಹಿಡಿ. 30 ಇಂಚಿನ ನಳಿಗೆ ಅಂದರೂ ಮುಕ್ಕಾಲು ಮೀಟರ್ ಚೀಲದಲ್ಲಿ ಹೆಚ್ಚುಕಮ್ಮಿ ಹಿಡಿಸುತ್ತೆ. ಸೀಟಿನ ಹಿಂದೆ ಅಡ್ಡಡ್ಡ ಕೂರುತ್ತೆ, ಗೇರಿಗೆ ತಾಗಲ್ಲ, ಬಾಗಿಲಿಗೆ ತಾಗಲ್ಲ. ಮೂರು ತುಂಡಾಗಿರೋ ಬಂದೂಕು ಎಂಥ ಗುಂಡಿಯಲ್ಲಿ ಗಾಡಿ ಎಗರಿದರೂ ಹಾರಲ್ಲ. ಹೊಲ ಮುಟ್ಟಿದ ಮೇಲೆ ಕತ್ತಲಲ್ಲೂ ಕೈ ಗುರುತಿನಿಂದ ಜೋಡಿಸಬಹುದು. ಜೋಡಿಸುವಾಗ ನಳಿಗೆ ಬಗ್ಗಿರುತ್ತಲ್ಲ, ಆಗಲೇ ಒಳಗೆ ಬೆರಳು ಹಾಕಿ ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಈ ಒಂದು ಗುಣಕ್ಕೆ ನಾನು ಯಾವ ರೈಫಲ್ ಕೊಟ್ಟರೂ ಬದಲಾಯಿಸಲ್ಲ. ನಳಿಗೆ ಬಗ್ಗಿದೆ, ಈಗ ಗುಂಡು ಹಾರಲ್ಲ ಅನ್ನೋದು ದೂರದಲ್ಲಿ ನಿಂತವರಿಗೂ ಕಾಣುತ್ತೆ, ಬಗ್ಗಿಸಿ ಹೆಗಲ ಮೇಲೆ ಹಾಕಿಕೊಂಡು ಬಂದರೆ ಎದುರಿಗೆ ಬರೋನಿಗೆ ಹೆದರಿಕೆ ಇಲ್ಲ.

ತೂಕ ಮೂರು ಕೆಜಿ ಆಸುಪಾಸು. ಕೆಡೋಕೆ ಒಳಗೆ ಜಾಸ್ತಿ ಏನೂ ಇಲ್ಲ. ಒಂದು ಹ್ಯಾಮರ್, ಒಂದು ಸ್ಪ್ರಿಂಗ್, ತೋಟಾದ ತಳಕ್ಕೆ ಬಡಿಯೋ ಒಂದು ಪಿನ್ನು. ಮುಂಗೇರ್ ಮತ್ತು ಜಮ್ಮುವಿನ ಖಾಸಗಿ ಕಾರ್ಖಾನೆಗಳು ಇಂಥವನ್ನು ಬಹಳ ಕಾಲದಿಂದ ಮಾಡುತ್ತಿವೆ.

ಜೋಡಿ ನಳಿಗೆ ಬೇಡವಾ ಅಂತ ಕೇಳಬಹುದು. ದುಡ್ಡಿದ್ದರೆ ತಗೊಳ್ಳಿ, ಕೆಟ್ಟದ್ದೇನಲ್ಲ. ಎರಡನೇ ತೋಟಾ ಕೈಯಲ್ಲಿರೋ ಧೈರ್ಯ ಇರುತ್ತೆ. ಆದರೆ ಬೆಲೆ ಜಾಸ್ತಿ, ತೂಕ ಜಾಸ್ತಿ, ಮತ್ತು ಒಂದನ್ನು ಹಾರಿಸಿ ಇನ್ನೊಂದು ನಳಿಗೆ ತುಂಬಿದೆ ಅನ್ನೋದನ್ನೇ ಮರೆತು ಗಾಡಿ ಹತ್ತೋರನ್ನು ನೋಡಿದ್ದೇನೆ. ಒಂಟಿ ನಳಿಗೆಯಲ್ಲಿ ಅಂಥ ಮರೆವಿಗೆ ಜಾಗ ಕಡಿಮೆ.

ಹೊಸದಕ್ಕಿಂತ ಹಳೆಯದೇ ನಮ್ಮ ಕಡೆ ಜಾಸ್ತಿ ಕೈ ಬದಲಾಗೋದು. ಮನೆಯ ಹಿರಿಯರ ಬಂದೂಕಾಗಿದ್ದರೆ ದಾರಿ ಸುಲಭ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಮಾತ್ರ ಅಂತಲ್ಲ, ಅವರಿಗೆ 70 ವರ್ಷ ತುಂಬಿದರೆ ಅಥವಾ ಆ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಲೈಸೆನ್ಸ್ ಕೇಳೋಕೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶ ಇದೆ. ವಾರಸುದಾರನಿಗೆ 21 ವರ್ಷ ಆಗಿರಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಅಜ್ಜನ ಬಂದೂಕು ಅಜ್ಜ ಹೋದ ಮೇಲೂ ಗೂಟದಲ್ಲೇ ನೇತಾಡುತ್ತಿರುತ್ತೆ. ಆ ಮನೆಯವರು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ ಹಾಗೆ ಆಗುತ್ತೆ, 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಶಿಕ್ಷೆ ಎರಡರಿಂದ ಐದು ವರ್ಷ. ದಯವಿಟ್ಟು ಇಂಥದ್ದು ಮನೆಯಲ್ಲಿದ್ದರೆ ಇವತ್ತೇ ಠಾಣೆಗೋ ಲೈಸೆನ್ಸ್ ಇರೋ ಡೀಲರ್ ಹತ್ತಿರವೋ ಜಮಾ ಮಾಡಿ, ಆಮೇಲೆ ಅರ್ಜಿ ಹಾಕಿ.

ಹಳೆ ಬಂದೂಕು ನೋಡುವಾಗ ನಾನು ಮಾಡೋದು ಹೀಗೆ. ಮರದ ತುಂಡು ಬಿಚ್ಚಿ, ನಳಿಗೆ ಹಾಕಿಯೇ ಹಿಡಿಯನ್ನು ಕಂಕುಳಲ್ಲಿ ಒತ್ತಿ ನಳಿಗೆಯನ್ನು ಆ ಕಡೆ ಈ ಕಡೆ ಅಲುಗಾಡಿಸುತ್ತೇನೆ. ಲೊಟಲೊಟ ಅಂದರೆ ಅದು ಸವೆದಿದೆ, ಬಿಟ್ಟುಬಿಡಬೇಕು. ಗಟ್ಟಿಯಾಗಿದ್ದರೆ ನಳಿಗೆ ಬಿಚ್ಚಿ ಆಕಾಶದ ಕಡೆ ಹಿಡಿದು ಒಳಗೆ ನೋಡುತ್ತೇನೆ. ಒಳ್ಳೆ ನಳಿಗೆಯಲ್ಲಿ ಬೆಳಕು ಉಂಗುರ ಉಂಗುರವಾಗಿ ದುಂಡಗೆ ಕಾಣುತ್ತೆ. ಎಲ್ಲಾದರೂ ಒಂದು ಉಂಗುರ ಸೊಟ್ಟಗಿದ್ದರೆ ಅಲ್ಲಿ ನಳಿಗೆ ಉಬ್ಬಿದೆ ಅಥವಾ ತಗ್ಗಿದೆ ಅಂತ ಅರ್ಥ. ಕಪ್ಪು ಚುಕ್ಕೆ ಇದ್ದರೆ ಒರೆಸಿ ನೋಡಿ, ಒರೆಸಿದರೂ ಹೋಗದಿದ್ದರೆ ತುಕ್ಕು ತಿಂದ ಗುಂಡಿ. ತೋಟಾ ಕೂರೋ ಜಾಗದ ಹತ್ತಿರ ಅಂಥ ಗುಂಡಿ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಿಡಿಯ ಮರ ಕಬ್ಬಿಣಕ್ಕೆ ಸೇರೋ ಕಡೆ ಉಗುರಲ್ಲಿ ಕೆರೆದು ನೋಡಿ, ಸಣ್ಣ ಸೀಳು ಅಲ್ಲೇ ಶುರುವಾಗೋದು. ಪಿನ್ನಿನ ತುದಿ ದುಂಡಗಿರಬೇಕು, ಚೂಪಾಗಿದ್ದರೆ ತೋಟಾದ ತಳ ತೂತು ಬೀಳುತ್ತೆ. ಹ್ಯಾಮರ್ ಬಿಟ್ಟ ಮೇಲೆ ತಾನಾಗೇ ಸ್ವಲ್ಪ ಹಿಂದಕ್ಕೆ ಬಂದು ನಿಲ್ಲುತ್ತಾ ನೋಡಿ. ಹಳೆಯ ಕೆಲವು ಬಂದೂಕುಗಳಲ್ಲಿ ಹ್ಯಾಮರ್ ಪಿನ್ನಿನ ಮೇಲೇ ಕೂತಿರುತ್ತೆ. ತೋಟಾ ತುಂಬಿರೋವಾಗ ಅದಕ್ಕೊಂದು ಪೆಟ್ಟು ಬಿದ್ದರೆ ಸಾಕು, ಹಾರಿಬಿಡುತ್ತೆ.

ಇನ್ನೂ ಒಂದು. ಕೆಲವು ತುಂಬಾ ಹಳೆ ನಳಿಗೆಗಳ ಮೇಲೆ ನೀರಿನ ಅಲೆಯಂಥ ನವಿರಾದ ಗೆರೆಗಳಿರುತ್ತವೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದು ಮಾಡಿದವು, ಡಮಾಸ್ಕಸ್ ನಳಿಗೆ ಅಂತಾರೆ. ನೋಡೋಕೆ ಬಲು ಚೆಂದ. ಅವು ಕಪ್ಪು ಮದ್ದಿನ ಕಾಲದವು, ಈಗಿನ ತೋಟಾದ ಒತ್ತಡಕ್ಕೆ ಮಾಡಿದ್ದಲ್ಲ. ಅದನ್ನು ಹಾರಿಸೋ ಆಸೆ ಬೇಡ.

ತೋಟಾ ವಿಷಯಕ್ಕೆ ಬಂದರೆ, 12 ಬೋರಿನದ್ದು ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ಎಲ್ಲರಿಗೂ ಗೊತ್ತು. ತೋಟಾದ ಮೇಲಿನ ಚರೆ ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣದು. ಕೊಳ್ಳೋ ಮುಂಚೆ ನಿಮ್ಮ ಬಂದೂಕಿನ ತೋಟಾ ಕೂರೋ ಜಾಗ ಎಷ್ಟು ಉದ್ದ ಅಂತ ತಿಳಿದುಕೊಳ್ಳಿ. ಹಳೆಯವು 65 ಮಿಲಿಮೀಟರ್, ಆಮೇಲಿನವು 70. ಇದರಲ್ಲಿ ಒಂದು ಮೋಸ ಇದೆ. 70ರ ತೋಟಾ 65ರ ಬಂದೂಕಿನಲ್ಲಿ ಸಲೀಸಾಗಿ ಕೂರುತ್ತೆ, ಯಾಕಂದರೆ ಆ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿದ ತೋಟಾದ್ದು. ಹಾರಿಸಿದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಕೂತಿತು ಅಂದಮಾತ್ರಕ್ಕೆ ಸರಿ ಅಂತ ಅಲ್ಲ. ಎಷ್ಟು ತೋಟಾ ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು ಅನ್ನೋದು ಲೈಸೆನ್ಸ್‌ನಲ್ಲೇ ಬರೆದಿರುತ್ತೆ.

ಈಗ ಗಾಡಿಯಲ್ಲಿ ಇಡೋ ಮಾತು. ರಾಯಚೂರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಬಾಗಿಲು ಹಾಕಿ ನಿಲ್ಲಿಸಿದ ಗಾಡಿಯ ಒಳಗೆ ಹೊರಗಿಗಿಂತ 20 ಡಿಗ್ರಿ ಜಾಸ್ತಿ ಆಗೋದು ಸಾಮಾನ್ಯ. ಬೇಸಿಗೆ ಪೂರ್ತಿ ಅದರಲ್ಲಿ ಬೆಂದ ತೋಟಾವನ್ನು ನಂಬೋಕಾಗಲ್ಲ. ಹಿಡಿಯ ಮರ ಒಣಗಿ ಸೀಳುತ್ತೆ, ಎಣ್ಣೆ ಆರಿ ಅಂಟಾಗುತ್ತೆ, ಅದರ ಮೇಲೆ ಎರೆ ಧೂಳು ಕೂತರೆ ಕೀಲಿ ಸರಿಯೋಕೆ ಹಟ ಮಾಡುತ್ತೆ. ಇದೆಲ್ಲ ರಿಪೇರಿ ಆಗೋ ಮಾತು. ಕಳುವಾದರೆ ರಿಪೇರಿ ಇಲ್ಲ. ಅಮೆರಿಕದಲ್ಲೇ ನೋಡಿ, ಅಲ್ಲಿ ಕಳುವಾಗೋ ಬಂದೂಕುಗಳಲ್ಲಿ ದೊಡ್ಡ ಪಾಲು ಗಾಡಿಗಳಿಂದಲೇ ಹೋದವು. ಗಾಜು ಒಡೆಯೋಕೆ ಒಂದು ಕಲ್ಲು ಸಾಕು. ನಮ್ಮ ಗಾಡಿ ಎಪಿಎಂಸಿ ಮುಂದೆ ನಿಂತಿರುತ್ತೆ, ಗೊಬ್ಬರದ ಅಂಗಡಿ ಮುಂದೆ, ಚಹಾದಂಗಡಿ ಮುಂದೆ, ಗ್ಯಾರೇಜಿನಲ್ಲಿ ರಾತ್ರಿ ಪೂರ್ತಿ. ನಿಮ್ಮ ಹೆಸರಿನ ಬಂದೂಕು ಯಾರದೋ ಕೈಗೆ ಹೋಗಿ ಅದರಿಂದ ಒಂದು ಜೀವ ಹೋದರೆ? ಈ ಯೋಚನೆ ಬಂದರೆ ನನಗೆ ನಿದ್ದೆ ಬರಲ್ಲ. ಮನೆಯಲ್ಲೂ ಬೀಗ ಇರೋ ಕಬ್ಬಿಣದ ಬೀರುವಿನಲ್ಲಿ ಬಂದೂಕು, ಬೇರೆ ಕಡೆ ಬೀಗ ಹಾಕಿ ತೋಟಾ. ಬೀಗದಕೈ ನನ್ನ ಹತ್ತಿರ ಮಾತ್ರ.

ಗಾಡಿಯಲ್ಲೇ ಮರೆತು ಬಿಟ್ಟರೆ ಇನ್ನೊಂದು ತೊಂದರೆ ನಮ್ಮ ಜಿಲ್ಲೆಗಳಿಗೆ ವಿಶೇಷವಾಗಿ ಇದೆ. ನಾವಿರೋದು ಗಡಿಯಲ್ಲಿ. ಲೈಸೆನ್ಸ್ ಯಾವ ಪ್ರದೇಶಕ್ಕೆ ನಡೆಯುತ್ತೆ ಅಂತ ಅದರಲ್ಲೇ ಬರೆದಿರುತ್ತೆ, ತೆಗೆದು ಓದಿ. ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ, ಸಿರುಗುಪ್ಪದಿಂದ ಹತ್ತಿ ತುಂಬಿಕೊಂಡು ಆದವಾನಿಗೆ ಹೋದಾಗ, ಬಳ್ಳಾರಿಯಿಂದ ಗುಂತಕಲ್‌ಗೆ ಹೋದಾಗ, ಗುರುವಾರ ಮನೆಮಂದಿನೆಲ್ಲ ಕೂರಿಸಿಕೊಂಡು ಮಂತ್ರಾಲಯಕ್ಕೆ ಹೋದಾಗ, ಆ ಚೀಲ ಸೀಟಿನ ಹಿಂದೆ ಇದ್ದರೆ ನೀವು ಆಂಧ್ರದಲ್ಲಿ ಲೈಸೆನ್ಸ್ ಇಲ್ಲದ ಬಂದೂಕಿನ ಜೊತೆ ಇದ್ದೀರಿ ಅಂತಲೇ ಲೆಕ್ಕ. ಚೆಕ್‌ಪೋಸ್ಟಿನಲ್ಲಿ ಹೊಲಕ್ಕೆ ಅಂತ ಇಟ್ಟಿದ್ದೆ ಸಾರ್ ಅಂದರೆ ನಡೆಯಲ್ಲ.

ಅಷ್ಟಕ್ಕೂ ಇದರಿಂದ ಏನು ಹೊಡೀತೀರಿ? ಈ ಪ್ರಶ್ನೆಯನ್ನು ಬಂದೂಕು ಕೊಳ್ಳೋರು ಮೊದಲೇ ಕೇಳಿಕೊಳ್ಳಬೇಕು. ನಮ್ಮ ಎರೆಹೊಲಕ್ಕೆ ಬರೋದು ಚಿಗರಿ, ಅಂದರೆ ಕೃಷ್ಣಮೃಗ. ಹೆಸರು, ಜೋಳ, ಹತ್ತಿಯ ಎಳೆ ಸಸಿ ಹಿಂಡು ಹಿಂಡಾಗಿ ಬಂದು ಮೇಯುತ್ತವೆ, ಮತ್ತೆ ಬಿತ್ತಬೇಕಾಗುತ್ತೆ. ಆ ಸಂಕಟ ನನಗೂ ಗೊತ್ತು. ಆದರೆ ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹೊಡೆದರೆ ಮೂರರಿಂದ ಏಳು ವರ್ಷ ಜೈಲು. ಸಂಡೂರು, ದರೋಜಿ, ಗಂಗಾವತಿ ಸುತ್ತ ಇರೋ ಕರಡಿಯೂ ಅದೇ ಪಟ್ಟಿ, ಚಿರತೆಯೂ ಅದೇ, ಗಂಗಾವತಿ ತಾಲ್ಲೂಕಿನ ಬಂಕಾಪುರದ ಕಡೆ ಕುರಿ ಹಿಡಿಯೋ ತೋಳವೂ ಅದೇ. 1994ರಲ್ಲೇ ದರೋಜಿಯಲ್ಲಿ ಕರಡಿಗಳಿಗೆ ಅಂತ ಧಾಮ ಮಾಡಿದ್ದಾರೆ, ನಮ್ಮ ನೆಲದ ಪ್ರಾಣಿ ಅದು, ಇರಲಿ ಅನ್ನೋದು ನನ್ನ ಮನಸ್ಸು. ಉಳಿದಿದ್ದು ಕಾಡುಹಂದಿ. ಅದನ್ನೂ ಲಿಖಿತ ಅನುಮತಿ ಇಲ್ಲದೆ ಹೊಡೆಯೋ ಹಾಗಿಲ್ಲ. ಬೆಳೆ ಹಾಳು ಮಾಡೋ ಪ್ರಾಣಿ ವಿಷಯದಲ್ಲಿ ಅನುಮತಿ ಕೊಡೋ ಅಧಿಕಾರ ಅದೇ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿದೆ, ಅರಣ್ಯ ಇಲಾಖೆಗೇ ಕೇಳಬೇಕು. ಅನುಮತಿ ಮೇಲೆ ಹೊಡೆದರೂ ಸತ್ತ ಹಂದಿ ಸರ್ಕಾರದ ಆಸ್ತಿ, ಮನೆಗೆ ತರೋ ಹಾಗಿಲ್ಲ. ಕರಡಿ ಮೈಮೇಲೆ ಬಿದ್ದು ಜೀವ ಉಳಿಸಿಕೊಳ್ಳೋಕೆ ಬೇರೆ ದಾರಿಯೇ ಇಲ್ಲದೆ ಹೊಡೆದರೆ ಅದು ಅಪರಾಧ ಅಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತೆ.

ಅಂದರೆ ಬಹಳಷ್ಟು ರಾತ್ರಿ ಆ ಬಂದೂಕಿನ ಕೆಲಸ ಏನೂ ಇರಲ್ಲ. ಬೆದರಿಸೋಕೆ ಗಾಡಿಯ ಹಾರ್ನ್, ಒಂದು ಜೋರು ಎಲ್‌ಇಡಿ ಟಾರ್ಚ್, ಖಾಲಿ ಡಬ್ಬಿ ಇವೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ. ನಿಜ ಹೇಳಬೇಕಂದರೆ ಗಾಡಿಯಲ್ಲಿ ಯಾವಾಗಲೂ ಇಡಬೇಕಾದ ವಸ್ತು ಒಳ್ಳೆ ಟಾರ್ಚ್, ಅದಕ್ಕೆ ಯಾವ ಲೈಸೆನ್ಸೂ ಬೇಡ. ಕರಡಿ ಮನುಷ್ಯನ ಮೇಲೆ ಬೀಳೋದು ಹೆಚ್ಚಾಗಿ ಹಠಾತ್ತನೆ ಎದುರಾದಾಗ. ಮಾತಾಡುತ್ತಾ, ಕೋಲು ಬಡಿಯುತ್ತಾ, ಬೆಳಕು ಬಿಟ್ಟುಕೊಂಡು ಹೋದರೆ ಅದೇ ದೂರ ಸರಿಯುತ್ತೆ. ನಮ್ಮ ಅಮ್ಮ ಜೋಳದ ಹೊಲದಲ್ಲಿ ಕವಣೆಯಲ್ಲೇ ಹಕ್ಕಿ ಕಾದವರು, ಕಲ್ಲು ಹೊಲದ ಆ ತುದಿಗೆ ಹೋಗಿ ಬೀಳುತ್ತಿತ್ತು. ಬೇಲಿಗೆ ಕರೆಂಟ್ ಕೊಡೋದು, ಹಂದಿಗೆ ಸಿಡಿಮದ್ದು ಇಡೋದು ಮಾತ್ರ ಯಾರೂ ಮಾಡಬೇಡಿ. ಅದಕ್ಕೆ ಹಂದಿ ಯಾವುದು, ಎತ್ತು ಯಾವುದು, ಕೂಸು ಯಾವುದು ಗೊತ್ತಾಗಲ್ಲ. ಬೆಳೆ ಹಾಳಾದರೆ ಫೋಟೊ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರ ಅನ್ನೋ ಆನ್ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ. ಬರೋ ದುಡ್ಡು ನಷ್ಟಕ್ಕೆ ಸರಿಸಾಟಿ ಆಗಲ್ಲ, ಆದರೂ ಹಾಕಿ, ಎಲ್ಲೆಲ್ಲಿ ಎಷ್ಟು ಕಾಟ ಇದೆ ಅನ್ನೋದು ದಾಖಲೆಗಾದರೂ ಬರಲಿ.

ಇಷ್ಟೆಲ್ಲಾ ಕೇಳಿದ ಮೇಲೂ ಬಂದೂಕು ಬೇಕು ಅನ್ನೋರಿಗೆ ಕೊನೆಗೆ ಕಾಗದದ ಕೆಲಸ. ಅರ್ಜಿ ಜಿಲ್ಲಾಧಿಕಾರಿಗೆ, ಪೊಲೀಸ್ ವರದಿ ಆಗುತ್ತೆ, ಬಂದೂಕು ಹಿಡಿಯೋ ತರಬೇತಿಯ ಸರ್ಟಿಫಿಕೇಟ್ ಕೇಳುತ್ತಾರೆ. ತರಬೇತಿಯನ್ನು ಬರೀ ಕಾಗದಕ್ಕೆ ಅಂತ ಮುಗಿಸಬೇಡಿ, ಅಲ್ಲಿ ಕಲಿಸೋದು ನಿಜವಾಗಲೂ ಬೇಕಾಗುತ್ತೆ. ಪಹಣಿ ಜೊತೆಗೆ ಬೆಳೆ ನಷ್ಟದ ಹಳೆ ಅರ್ಜಿಗಳ ಪ್ರತಿ ಇಟ್ಟರೆ ನಿಮ್ಮ ಮಾತಿಗೆ ತೂಕ ಬರುತ್ತೆ. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಮುಗಿಯೋ ತಾರೀಖನ್ನು ಫೋನಿನಲ್ಲಿ ಹಾಕಿಡಿ, ಕೆಲವು ತಿಂಗಳು ಮುಂಚೆಯೇ ನವೀಕರಣಕ್ಕೆ ಕೊಡಿ.

ಚುನಾವಣೆ ಘೋಷಣೆ ಆದ ಮೇಲೆ ಠಾಣೆಯಿಂದ ಬಂದೂಕು ಜಮಾ ಮಾಡಿ ಅಂತ ಕರೆ ಬರುತ್ತೆ. ನಮ್ಮ ಕಡೆ ಕೆಲವು ಸಲ ಅದು ಸರಿಯಾಗಿ ಬೆಳೆ ಇರೋ ಹೊತ್ತಿಗೇ ಬರುತ್ತೆ. ಬೆಳೆ ಕಾಯೋದಿದೆ, ವಿನಾಯಿತಿ ಕೊಡಿ ಅಂತ ಮೊದಲೇ ಬರೆದು ಕೊಡಬಹುದು, ಪರಿಶೀಲನೆಗೆ ಸಮಿತಿ ಇರುತ್ತೆ. ಕೊಡದಿದ್ದರೆ ಜಮಾ ಮಾಡಲೇಬೇಕು. ಕೊಡೋ ಮುಂಚೆ ನಳಿಗೆಗೆ ಒಳಗೆ ಹೊರಗೆ ಎಣ್ಣೆ ಹಚ್ಚಿ, ಹಳೆ ಬನಿಯನ್ ಬಟ್ಟೆ ಸುತ್ತಿ ಕೊಡಿ, ವಾಪಸ್ ಬರೋ ಹೊತ್ತಿಗೆ ವಾರಗಳು ಆಗಿರುತ್ತವೆ. ರಸೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಬಂದೂಕಿನ ಮೇಲಿರೋ ನಂಬರ್ ಮತ್ತು ರಸೀದಿಯ ನಂಬರ್ ಒಂದೇನಾ ಅಂತ ಅಂಕಿ ಅಂಕಿ ಹೋಲಿಸಿ ನೋಡಿ, ಒಂದು ಅಂಕಿ ತಪ್ಪಿದ್ದರೂ ಆಗಲೇ ತಿದ್ದಿಸಿಕೊಂಡು ಬನ್ನಿ.